ಗಳೆ ಬಿಡುವ ಹೊತ್ತು

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಊರಿನವರು ಇದನ್ನು ಒಪ್ಪುವುದಿಲ್ಲ. ಡಿಸೆಂಬರು, ಜನವರಿಯ ಮುಂಜಾನೆಗಳಲ್ಲಿ ಕೋಟೆಗುಡ್ಡದ ಕೆಳಗೆ ಕಿವಿಗೆ ಮಫ್ಲರು ಸುತ್ತಿಕೊಂಡು ತಿರುಗಾಡುವ ಹಿರಿಯರನ್ನು ಅವರು ಸಾಕ್ಷಿಗೆ ಕರೆಯುತ್ತಾರೆ. ಅಂತಹ ಸಾಕ್ಷಿಗಳಲ್ಲಿ ಒಬ್ಬರು ಮೇಷ್ಟ್ರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಮೇಷ್ಟ್ರು. ಮನೆಯಲ್ಲಿ ಎಪ್ಪತ್ತೆರಡು ತುಂಬಿದ ತಾತ.

ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಒಂದು ಗೀಳು ಹತ್ತಿತು. ಅವರು ಹುಟ್ಟಿದ್ದು ಸಿರುಗುಪ್ಪದ ಕಡೆಯ ಒಂದು ಹಳ್ಳಿಯಲ್ಲಿ. ತುಂಗಭದ್ರೆಯ ಕಾಲುವೆ ನೀರು ಹರಿದು, ಕಣ್ಣು ಹಾಯುವಷ್ಟು ದೂರವೂ ಭತ್ತದ ಗದ್ದೆಗಳಿರುವ ನೆಲ ಅದು. ಟ್ರ್ಯಾಕ್ಟರು, ಕೊಯ್ಲಿನ ಯಂತ್ರಗಳು ಬಂದ ಮೇಲೆ ಎತ್ತು ಹೋಯಿತು. ಎತ್ತಿನ ಹಿಂದೆಯೇ ಎತ್ತಿನ ಸುತ್ತಲಿದ್ದ ಮಾತುಗಳೂ ಹೊರಟು ನಿಂತವು. ಅವನ್ನು ಕೂಡಿಹಾಕಬೇಕೆಂಬುದು ಮೇಷ್ಟ್ರ ಆಸೆ. ಏಳು ವರ್ಷಗಳಲ್ಲಿ ಎರಡು ಸಾವಿರದ ಐನೂರಕ್ಕೂ ಹೆಚ್ಚು ಮಾತುಗಳು ಕೂಡಿದವು. ಮೊದಮೊದಲು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದರು. ಆಮೇಲೆ ಮೊಮ್ಮಗನೇ ಗುರುವಾಗಿ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಕಲಿಸಿದ. ಹಳ್ಳಿಯಲ್ಲಿದ್ದ ಅಕ್ಕನಿಗೆ ಫೋನು ಮಾಡುವುದು, ಆಕೆ ಹೇಳಿದ್ದನ್ನು ನೇರವಾಗಿ ಯಂತ್ರಕ್ಕೆ ಇಳಿಸುವುದು, ಇದು ಸಂಜೆಯ ಸಂಧ್ಯಾವಂದನೆಯಷ್ಟೇ ನಿಷ್ಠೆಯಿಂದ ನಡೆಯುತ್ತಿತ್ತು. ನೋಟುಬುಕ್ಕು ಮೂಲೆ ಸೇರಿತು.

ಆ ಕಂಪ್ಯೂಟರೋ ಬಡವರ ಮನೆಯ ಬಂಡಿ. ಎ.ಎಂ.ಡಿ. ಕಂಪನಿಯವರು 2019ರಲ್ಲಿ ಹೊರತಂದ ರೈಜೆನ್ 5 3400ಜಿ ಎಂಬ ಪ್ರೊಸೆಸರು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಇಲ್ಲ. ಎಂಟು ಗಿಗಾಬೈಟಿನ ಒಂದೇ ಒಂದು ರ‍್ಯಾಮ್. ಮೇಷ್ಟ್ರಿಗೆ ಇಷ್ಟು ಸಾಕಾಗಿತ್ತು. ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ ಮೊಮ್ಮಗನಿಗೆ ಸಾಕಾಗಿರಲಿಲ್ಲ. ಅವನ ಆಟಗಳು ಕುಂಟುತ್ತಿದ್ದವು, ಪಾಠದ ತಂತ್ರಾಂಶಗಳು ತೇಕುತ್ತಿದ್ದವು. ಹೊಸದು ಕೊಡಿಸೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ, ಕೊಡಿಸುವ ಅನುಕೂಲ ಅವನ ತಂದೆಗೂ ಇರಲಿಲ್ಲ. ಇದ್ದುದನ್ನೇ ವೇಗವಾಗಿ ಓಡಿಸುವ ಯೋಚನೆ ಇಂತಹ ಮನೆಗಳಲ್ಲೇ ಹುಟ್ಟುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿದ ಮೇಲಂತೂ ಈ ಜಾಣತನಕ್ಕೆ ಇನ್ನಷ್ಟು ಮನೆಗಳಲ್ಲಿ ಗಿರಾಕಿಗಳು ಹುಟ್ಟಿಕೊಂಡಿದ್ದಾರೆ.

ಹುಡುಗ ಮೊದಲು ಮಾಡಿದ ಕೆಲಸ ತಪ್ಪಿಲ್ಲದ್ದು. ರಿಪೇರಿ ಅಂಗಡಿಯೊಂದರಿಂದ ಇನ್ನೊಂದು ಎಂಟು ಗಿಗಾಬೈಟಿನ ಹಳೆಯ ರ‍್ಯಾಮನ್ನು ಕಡಿಮೆ ಬೆಲೆಗೆ ತಂದು ಜೋಡಿಯಾಗಿ ಸಿಕ್ಕಿಸಿದ. ಒಂದೇ ರ‍್ಯಾಮ್ ಇದ್ದಾಗ ಸೆಕೆಂಡಿಗೆ ಹೆಚ್ಚೆಂದರೆ 21.3 ಗಿಗಾಬೈಟು ಸಾಗುತ್ತಿದ್ದ ದಾರಿಯಲ್ಲಿ, ಸರಿಯಾದ ಗಾಡಿಗಳಲ್ಲಿ ಎರಡನ್ನು ಕೂಡಿಸಿದ ಕೂಡಲೇ ಅದರ ಎರಡರಷ್ಟು ಸಾಗಬಹುದು. ಮದರ್‌ಬೋರ್ಡಿನಲ್ಲಿ ನಾಲ್ಕು ಗಾಡಿಗಳಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು, ನಾಲ್ಕನೆಯದು ಸಾಮಾನ್ಯವಾಗಿ ಜೋಡಿಯ ಜಾಗ. ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರದಲ್ಲಿ ಚಿತ್ರ ಬಿಡಿಸುವ ಭಾಗವೂ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ಲಾಭ ಕಣ್ಣಿಗೇ ಕಾಣುತ್ತದೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ.

ಹರೆಯ ಇದ್ದಲ್ಲಿ ನಿಲ್ಲುವುದಿಲ್ಲ. ಎರಡು ರ‍್ಯಾಮ್‌ಗಳ ಮೇಲೂ 2666 ಎಂಬ ಸಂಖ್ಯೆಯಿತ್ತು. ಅಂದರೆ ಸೆಕೆಂಡಿಗೆ ಸುಮಾರು 266 ಕೋಟಿ ಬಾರಿ ಮಾಹಿತಿ ಸಾಗಿಸುವ ವೇಗ. ಒಳಗಿನ ಗಡಿಯಾರ ಮಿಡಿಯುವುದು ಅದರ ಅರ್ಧದಷ್ಟೇ. ಪ್ರತಿ ಮಿಡಿತಕ್ಕೆ ಎರಡು ಸಲ ಸಾಗಾಟ ನಡೆಯುತ್ತದೆ. ಈ ಮಿಡಿತವನ್ನು ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿಸುವುದಕ್ಕೇ ಓವರ್‌ಕ್ಲಾಕ್ ಮಾಡುವುದು ಎನ್ನುತ್ತಾರೆ. ಎಷ್ಟು ಹೆಚ್ಚಿಸಬಹುದೆಂಬುದು ರ‍್ಯಾಮಿನ ಮೇಲೆ ಅಂಟಿಸಿದ ಚೀಟಿಯಿಂದ ತಿಳಿಯುವುದಿಲ್ಲ. ಒಳಗಿನ ಚಿಪ್ಪು ಯಾವುದೆಂಬುದರಿಂದ ತಿಳಿಯುತ್ತದೆ. ಬಳ್ಳಾರಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಊರಿನಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಮೇಲೆ ಯಾವ ಪಟ್ಟಿ ಬೇಕಾದರೂ ಇರಬಹುದು. ಬಟ್ಟೆ ಯಾವ ಮಗ್ಗದ್ದೆಂಬುದನ್ನು ತಿಳಿಯಲು ಬಟ್ಟೆಯನ್ನೇ ತಿರುವಿ ನೋಡಬೇಕು. ರ‍್ಯಾಮ್ ಮಾರುವ ಹೆಸರುಗಳು ಹತ್ತಾರು. ಚಿಪ್ಪು ತಯಾರಿಸುವ ದೊಡ್ಡ ಮನೆಗಳು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರು.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ ಹುಡುಗ ಒಳಗಣ್ಣು ತೆರೆದ. ಪ್ರತಿ ರ‍್ಯಾಮಿನಲ್ಲೂ ಅದರ ಕುಲಗೋತ್ರ ಬರೆದಿಟ್ಟ ಒಂದು ಪುಟ್ಟ ಚಿಪ್ಪು ಇರುತ್ತದೆ. ತಂತ್ರಾಂಶ ಓದುವುದು ಆ ಜಾತಕವನ್ನು. ಜಾತಕವೂ ಒಮ್ಮೊಮ್ಮೆ ಅರ್ಧ ಖಾಲಿ ಇರಬಹುದು, ತಪ್ಪೂ ಇರಬಹುದು. ಆಗ ಕರಿಯ ಚೌಕಗಳ ಮೇಲೆ ಅಚ್ಚಾದ ಅಕ್ಷರಗಳನ್ನೇ ಟಾರ್ಚು ಹಿಡಿದು ಓದಬೇಕು. ಮೈಕ್ರಾನ್ ಚಿಪ್ಪಿನ ಮೇಲಿನ ಐದಕ್ಷರದ ಸಂಕೇತವನ್ನು ಆ ಕಂಪನಿಯ ಜಾಲತಾಣದಲ್ಲೇ ಬಿಡಿಸಿಕೊಳ್ಳಬಹುದು. ಹುಡುಗ ಓದಿದ. ಮನೆಯ ರ‍್ಯಾಮ್ ಮೈಕ್ರಾನಿನದು. ಅಂಗಡಿಯಿಂದ ತಂದದ್ದು ಬೇರೆ ಮನೆಯದು. ಚೀಟಿಯ ಮೇಲೆ ಸಂಖ್ಯೆ ಒಂದೇ ಆದರೂ ಒಳಗೆ ಎರಡು ಜಾತಿಯ ಎತ್ತುಗಳು. ನಿಧಾನದ ಎತ್ತು ಹೇಗೆ ನಡೆಯುವುದೋ ಬಂಡಿಯೂ ಹಾಗೆಯೇ ನಡೆಯಬೇಕು. ಇದು ಗೊತ್ತಿದ್ದರೂ ಹುಡುಗ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಸಂಕ್ರಾಂತಿಯ ಹಿಂದಿನ ರಾತ್ರಿ, ಮನೆಯವರೆಲ್ಲ ಮಲಗಿದ ಮೇಲೆ, ಅವನು ಬಯೋಸಿನೊಳಗೆ ಹೊಕ್ಕ. 2666ರಿಂದ 2933ಕ್ಕೆ ಏರಿಸಿದ. ಅದು ಆ ಪ್ರೊಸೆಸರಿಗೆ ಕಂಪನಿಯೇ ಒಪ್ಪಿದ ಮಿತಿ. ಯಂತ್ರ ತಕರಾರಿಲ್ಲದೆ ಎದ್ದಿತು. ಅಲ್ಲಿ ನಿಂತು ಉಸಿರಾಡದೆ ಅವನು 3200ಕ್ಕೆ ಹಾರಿದ. ಯಂತ್ರ ಏಳಲಿಲ್ಲ. ವಿದ್ಯುತ್ತು ತೆಗೆದು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ಕಳಚಿಟ್ಟು ಮತ್ತೆ ಹಾಕಿದಾಗ ಬಯೋಸು ಹಿಂದಿನದನ್ನು ಮರೆತು ಮೊದಲಿನ ಸ್ಥಿತಿಗೆ ಬಂದಿತು. ಈ ಸಲ ರ‍್ಯಾಮಿನ ವೋಲ್ಟೇಜನ್ನು 1.2ರಿಂದ 1.35ಕ್ಕೆ ಏರಿಸಿ ಪ್ರಯತ್ನಿಸಿದ. ಡಿಡಿಆರ್4 ಜಾತಿಯಲ್ಲಿ ವೇಗದ ರ‍್ಯಾಮ್‌ಗಳಿಗೆ ಕಂಪನಿಗಳೇ ಕೊಡುವ ವೋಲ್ಟೇಜು ಅದು. ಯಂತ್ರ ಎದ್ದಿತು. ಪರೀಕ್ಷೆಯ ತಂತ್ರಾಂಶವನ್ನು ಒಂದು ಗಂಟೆ ಓಡಿಸಿದ. ಒಂದು ತಪ್ಪೂ ಬರಲಿಲ್ಲ. ಹೊರಗೆ ಚಳಿ, ಕಿಟಕಿ ತೆರೆದೇ ಇತ್ತು. ಹುಡುಗ ಗೆದ್ದವನಂತೆ ಮಲಗಿದ.

ಮರುದಿನ ಎಳ್ಳುಬೆಲ್ಲ ತಿನ್ನುತ್ತ ಮೇಷ್ಟ್ರು ಕೇಳಿದರು, "ಏನೋ, ನನ್ನ ಕಡತ ಇವತ್ತು ಬೇಗ ತೆರೀತಲ್ಲ?"

"ಸ್ವಲ್ಪ ರಿಪೇರಿ ಮಾಡೀನಿ ತಾತ."

ಅಷ್ಟೇ ಮಾತು. ಓವರ್‌ಕ್ಲಾಕ್ ಎಂಬ ಪದವನ್ನು ಅವನು ಎತ್ತಲಿಲ್ಲ. ಎತ್ತಿದ್ದರೆ ತಾತ ಅದಕ್ಕೊಂದು ಕನ್ನಡ ಪದ ಹುಡುಕುವವರೆಗೆ ಬಿಡುತ್ತಿರಲಿಲ್ಲ.

ಫೆಬ್ರವರಿ ಹೋಯಿತು, ಮಾರ್ಚು ಹೋಯಿತು. ಯುಗಾದಿಯ ಹೊತ್ತಿಗೆ ಕೋಟೆಗುಡ್ಡದ ಬಂಡೆ ಹಗಲೆಲ್ಲ ಕಾದು ರಾತ್ರಿಯಿಡೀ ಬಿಸಿ ಉಸಿರು ಬಿಡತೊಡಗಿತು. ಬಿಸಿಲು ನಲವತ್ತು ಡಿಗ್ರಿ ದಾಟಿತು. ಅದೇ ದಿನಗಳಲ್ಲಿ ಮೇಷ್ಟ್ರು ತಮ್ಮ ಪಟ್ಟಿಯನ್ನು ಮೊದಲಿಂದ ಓದುತ್ತ ಹೋದಾಗ ಒಂದು ಕಡೆ ಕಣ್ಣು ನಿಂತಿತು. "ಬಣವೆ: ಎತ್ತಿಗೆ ಒಣ ಬೇವು ಒಟ್ಟಿಡುವ ರಾಶಿ." ಬೇವು! ತಾವು ಬರೆದದ್ದು ಮೇವು. ನಕ್ಕು ತಿದ್ದಿದರು. ಎರಡು ದಿನದ ಮೇಲೆ ಹುಲ್ಲಿನ ಕಟ್ಟಿಗೆ ಹೇಳುವ "ಸೂಡು" ಇರಬೇಕಾದಲ್ಲಿ "ಹೂಡು" ಕಂಡಿತು. ಈ ಸಲ ನಗು ಬರಲಿಲ್ಲ. ಮೂರನೆಯದು ಕಂಡಾಗ ಅವರು ಕನ್ನಡಕ ತೆಗೆದಿಟ್ಟು ಬಹಳ ಹೊತ್ತು ಗೋಡೆ ನೋಡುತ್ತ ಕುಳಿತರು.

ಅವರಿಗೆ ತಮ್ಮ ಅಣ್ಣನ ಕೊನೆಯ ದಿನಗಳು ನೆನಪಾದವು. ಆತ ಮೊದಲು ಮರೆತದ್ದು ಅಕ್ಷರಗಳನ್ನು, ಆಮೇಲೆ ದಾರಿಗಳನ್ನು, ಕಡೆಗೆ ಮನೆಯವರ ಮುಖಗಳನ್ನು. ಸಾವಿರಾರು ಮಕ್ಕಳ ಕಾಗುಣಿತ ತಿದ್ದಿದ ಕೈ ಈಗ ತನ್ನದೇ ಕಾಗುಣಿತವನ್ನು ತಪ್ಪುತ್ತಿದೆಯೆಂದರೆ ಅರ್ಥವೇನು? ಸಾಧಾರಣ ಬರಹವಾಗಿದ್ದರೆ ತಪ್ಪು ತಾನಾಗಿಯೇ ಎದ್ದು ಕಾಣುತ್ತಿತ್ತು. ಇವೋ ಯಾವ ನಿಘಂಟಿನಲ್ಲೂ ಇಲ್ಲದ ಹಳ್ಳಿಯ ಮಾತುಗಳು. ಒಂದು ಅಕ್ಷರ ಬದಲಾದರೆ ಅದು ತಪ್ಪೋ, ಆ ಕಡೆಯ ಉಚ್ಚಾರವೋ ಹೇಳುವವರು ಯಾರು? ಮೇಷ್ಟ್ರು ಸಂಜೆಯ ಕೆಲಸ ನಿಲ್ಲಿಸಿದರು. ಅಕ್ಕನಿಗೆ ಫೋನು ಮಾಡುವುದು ನಿಂತಿತು. ಕೇಳಿದರೆ, "ಸಾಕಾಯ್ತು ಬಿಡು, ಇವನ್ನೆಲ್ಲ ಯಾರು ಓದ್ತಾರ?" ಎಂದರು. ನರರೋಗದ ಡಾಕ್ಟರನ್ನು ಕಾಣಬೇಕೆಂದು ಮಗನ ಕಿವಿಯಲ್ಲಿ ಮೆಲ್ಲಗೆ ಹೇಳಿದರು. ಅಜ್ಜಿ ಮಾತ್ರ ಸುಮ್ಮನಾಗಲಿಲ್ಲ. "ಹಾಲಿನ ಲೆಕ್ಕ ಒಂದು ಪೈಸಾ ತಪ್ಪಂಗಿಲ್ಲ, ನನ್ನ ತವರಿನವರು ಮೂವತ್ತು ವರ್ಷದ ಹಿಂದೆ ಅಂದ ಮಾತು ಮರ್ತಿಲ್ಲ. ನಿಮಗೆಲ್ಲಿಯ ಮರೆವು?" ಎಂದಳು.

ಇದಾಗಿ ವಾರದಲ್ಲಿ ಮೊಮ್ಮಗ ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಗೆ ಗೆಳೆಯರೊಡನೆ ಹೋಗಿ ತೆಗೆದ ಚಿತ್ರಗಳನ್ನು ಫೋನಿನಿಂದ ಯಂತ್ರಕ್ಕೆ ಇಳಿಸಿದ. ಒಂದು ಚಿತ್ರದಲ್ಲಿ ನಂದಿಯ ಕೋಡಿನಿಂದ ಕೆಳಗೆ ಎಲ್ಲವೂ ಬೂದು ಬಣ್ಣ. ಇನ್ನೊಂದರಲ್ಲಿ ಗುಡಿಯ ಕಂಬಗಳು ಪಕ್ಕಕ್ಕೆ ಜಾರಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಫೋನಿನಲ್ಲಿ ನೋಡಿದರೆ ಚಿತ್ರ ಸರಿಯಾಗಿತ್ತು. ಹುಡುಗನ ಎದೆ ಧಸಕ್ಕೆಂದಿತು. ತಾತ ಕೆಲಸ ನಿಲ್ಲಿಸಿದ್ದೂ, ಡಾಕ್ಟರ ಮಾತು ಬಂದದ್ದೂ ಒಮ್ಮೆಲೇ ಒಂದಕ್ಕೊಂದು ಸೇರಿಕೊಂಡವು.

ಅವನು ನೇರವಾಗಿ ರಿಪೇರಿ ಅಂಗಡಿಗೆ ಹೋದ. ಅಂಗಡಿಯವನು ಕತೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ. "ತಮ್ಮಾ, ಟೆಸ್ಟು ಯಾವಾಗ ಮಾಡಿದ್ದಿ?"

"ಸಂಕ್ರಾಂತಿ ಹಿಂದಿನ ರಾತ್ರಿ, ಒಂದು ಗಂಟೆ."

"ಸಂಕ್ರಾಂತಿ ರಾತ್ರಿ ಪಾಸಾದದ್ದು ಯುಗಾದಿ ಮಧ್ಯಾಹ್ನ ಫೇಲಾಗ್ತದ. ಇದು ಬಳ್ಳಾರಿ ಅದಪ್ಪಾ, ಬೆಂಗಳೂರಲ್ಲ."

ಈ ಮಾತಿನ ಹಿಂದೆ ವಿಜ್ಞಾನವಿದೆ. ರ‍್ಯಾಮಿನ ನೆನಪು ಕಲ್ಲಿನ ಮೇಲೆ ಕೆತ್ತಿದ ಶಾಸನದಂತಲ್ಲ. ತೂತಿರುವ ಕೊಡದಲ್ಲಿ ಹಿಡಿದ ನೀರಿನಂತೆ. ಒಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ವಿದ್ಯುದಂಶ ಹಿಡಿಯುವ ಒಂದು ಪುಟ್ಟ ಕೆಪಾಸಿಟರು, ಇಷ್ಟೇ ಅದರ ಸಂಸಾರ. ಐ.ಬಿ.ಎಂ. ಕಂಪನಿಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಯೋಚಿಸಿ, 1968ರಲ್ಲಿ ಪೇಟೆಂಟು ಪಡೆದ ಉಪಾಯ ಇದು. 1970ರಲ್ಲಿ ಇಂಟೆಲ್ ಮಾರಿದ 1103 ಎಂಬ ಚಿಪ್ಪಿನಲ್ಲಿ ಸೋರುವ 1,024 ಕೊಡಗಳಿದ್ದವು. ಹುಡುಗನ ಒಂದೊಂದು ರ‍್ಯಾಮಿನಲ್ಲೂ 6,800 ಕೋಟಿಗೂ ಹೆಚ್ಚು. ಎಲ್ಲವೂ ಸೋರುತ್ತಲೇ ಇರುತ್ತವೆ. ಆದ್ದರಿಂದ ಪ್ರತಿಯೊಂದನ್ನೂ 64 ಮಿಲಿಸೆಕೆಂಡಿನೊಳಗೆ, ಅಂದರೆ ಸೆಕೆಂಡಿಗೆ ಹದಿನೈದು ಬಾರಿಗೂ ಮಿಗಿಲಾಗಿ, ಓದಿ ಮತ್ತೆ ತುಂಬಬೇಕು. ಬಿಸಿ ಏರಿದಂತೆ ಸೋರಿಕೆಯೂ ಏರುತ್ತದೆ. ಚಿಪ್ಪು 85 ಡಿಗ್ರಿ ದಾಟಿದರೆ ಅದರ ಎರಡರಷ್ಟು ಸಲ ತುಂಬಬೇಕೆಂದು ನಿಯಮವೇ ಇದೆ. ಓವರ್‌ಕ್ಲಾಕ್ ಮಾಡಿದವನು ಓದಲು, ತುಂಬಲು ಇರುವ ಹೊತ್ತನ್ನು ಮೊದಲೇ ಕತ್ತರಿಸಿರುತ್ತಾನೆ. ಮೇಲಿನಿಂದ ವೋಲ್ಟೇಜಿನ ಬಿಸಿ, ಹೊರಗಿನಿಂದ ಬಳ್ಳಾರಿಯ ಬಿಸಿ. ಎಲ್ಲೋ ಒಂದು ಕೊಡ ಹೊತ್ತಿಗೆ ಮುಂಚೆ ಬತ್ತುತ್ತದೆ. ಒಂದು ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ.

ಒಂದು ಬಿಟ್ಟು ತಪ್ಪಿದರೆ ಏನು ಮಹಾ ಎನ್ನಬಹುದು. ಯುನಿಕೋಡಿನಲ್ಲಿ ಬ ಅಕ್ಷರದ ಸಂಖ್ಯೆ 3244, ಮ ಅಕ್ಷರದ್ದು 3246. ಎರಡರ ಲೆಕ್ಕದಲ್ಲಿ ಬರೆದರೆ ಇವೆರಡಕ್ಕೂ ವ್ಯತ್ಯಾಸ ಒಂದೇ ಬಿಟ್ಟು. ಸ 3256, ಹ 3257, ಅಲ್ಲಿಯೂ ಅಷ್ಟೇ. ಕ 3221, ಗ 3223, ಅಲ್ಲಿಯೂ ಅಷ್ಟೇ. ಯಂತ್ರ ಕುಸಿದು ನಿಂತಿದ್ದರೆ ಅಪಾಯ ತಿಳಿಯುತ್ತಿತ್ತು. ಅದು ನಿಲ್ಲಲಿಲ್ಲ; ಮೇವನ್ನು ಬೇವು ಮಾಡಿ, ಹಾಗೆಯೇ ಅಚ್ಚುಕಟ್ಟಾಗಿ ಉಳಿಸಿಟ್ಟಿತು. ಇಂತಹ ತಪ್ಪನ್ನು ಹಿಡಿದು ತಿದ್ದುವ ರ‍್ಯಾಮ್ ದೊಡ್ಡ ಸರ್ವರುಗಳಲ್ಲಿ ಇರುತ್ತದೆ. ಮನೆಯ ಅಗ್ಗದ ಯಂತ್ರಗಳಲ್ಲಿ ಇರುವುದಿಲ್ಲ.

ಅಂದು ಮಧ್ಯಾಹ್ನ ಎರಡು ಗಂಟೆಗೆ, ಫ್ಯಾನು ಕೂಡ ಬೆಂಕಿಯನ್ನೇ ಬೀಸುತ್ತಿದ್ದ ಹೊತ್ತಿನಲ್ಲಿ, ಹುಡುಗ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಎಬ್ಬಿಸಿದ. ಅರ್ಧ ಗಂಟೆಯೊಳಗೆ ಕೆಂಪು ಸಾಲುಗಳು ಬಂದವು. ಎಲ್ಲವನ್ನೂ ಮೊದಲಿನ 2666ಕ್ಕೆ, 1.2 ವೋಲ್ಟಿಗೆ ಇಳಿಸಿ ರಾತ್ರಿಯಿಡೀ, ಮರುದಿನ ಮಧ್ಯಾಹ್ನವೂ ಓಡಿಸಿದ. ಒಂದು ತಪ್ಪೂ ಇಲ್ಲ. ಆಮೇಲೆ ಅವನು ತಾತನ ಮುಂದೆ ಹೋಗಿ ನಿಂತ.

"ತಾತ, ನೀವು ಡಾಕ್ಟರ ಹತ್ರ ಹೋಗೋದು ಬ್ಯಾಡ. ನೆನಪು ಹೋಗಿದ್ದು ನಿಮ್ಮದಲ್ಲ, ಇದರದು. ಕೆಡಿಸಿದವನು ನಾನು."

ಮೇಷ್ಟ್ರು ಬೈಯಲಿಲ್ಲ. ಅವರ ಮುಖದ ಮೇಲೆ ಮೊದಲು ಬಂದದ್ದು ಕೋಪವಲ್ಲ, ತಿಂಗಳಿನಿಂದ ಹೊತ್ತಿದ್ದ ಮೂಟೆ ಇಳಿಸಿದವರ ನಿರಾಳ. ಹುಡುಗನಿಗೆ ಅದನ್ನು ನೋಡುವುದು ಬೈಗಳಿಗಿಂತ ಕಷ್ಟವಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು, "ಎಷ್ಟು ಮಾತು ಕೆಟ್ಟಿರಬಹುದು?"

ದೀಪಾವಳಿಯಲ್ಲಿ ಮಾಡಿಟ್ಟ ಒಂದು ಪ್ರತಿ ಪೆನ್‌ಡ್ರೈವಿನಲ್ಲಿತ್ತು. ಎರಡು ಕಡತಗಳನ್ನು ಸಾಲುಸಾಲಾಗಿ ಹೋಲಿಸಿದಾಗ, ಮೇಷ್ಟ್ರು ತಾವೇ ತಿದ್ದಿದ್ದನ್ನು ಬಿಟ್ಟರೆ, ತಿದ್ದದೆಯೇ ಬದಲಾದ ನಾಲ್ಕು ಸಾಲುಗಳು ಸಿಕ್ಕವು. ಅಷ್ಟಕ್ಕೆ ಮುಗಿಯಲಿಲ್ಲ. ಜನವರಿಯಿಂದ ಈಚೆಗೆ ಅಕ್ಕನ ಬಾಯಿಂದ ಕೇಳಿ ಬೆರಳಚ್ಚು ಮಾಡಿದ ನೂರ ಅರವತ್ತಮೂರು ಮಾತುಗಳಿಗೆ ಇನ್ನೊಂದು ಪ್ರತಿಯೇ ಇರಲಿಲ್ಲ. ನೋಟುಬುಕ್ಕಿನಲ್ಲಿಯೂ ಇಲ್ಲ, ನಿಘಂಟಿನಲ್ಲಿಯೂ ಇಲ್ಲ. ಇದ್ದದ್ದು ಎಂಬತ್ತನಾಲ್ಕು ವರ್ಷದ ಒಬ್ಬ ಮುದುಕಿಯ ತಲೆಯಲ್ಲಿ. ಫೋನಿನಲ್ಲಿ ಸ ಕಾರ, ಹ ಕಾರಗಳ ನ್ಯಾಯ ತೀರುವಂತಿರಲಿಲ್ಲ. ಮೇ ತಿಂಗಳ ಒಂದು ಬೆಳಗ್ಗೆ ತಾತ, ಮೊಮ್ಮಗ ಇಬ್ಬರೂ ಕಾಗದದ ಮೇಲೆ ಅಚ್ಚುಮಾಡಿದ ಪಟ್ಟಿ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದರು.

ಬಸ್ಸಿನಲ್ಲಿ ಮೇಷ್ಟ್ರು ವಿದ್ಯಾರ್ಥಿಯಾದರು. "ಹಾಗಾದರೆ ಇದನ್ನ ಮಾಡಲೇಬಾರದೇನು?" ಎಂದು ಕೇಳಿದರು. ಹುಡುಗ ಬೆರಳು ಮಡಿಚಿ ಹೇಳಿದ. ಮಾಡಬಹುದು, ಆದರೆ ಮೊದಲು ಬೇಕಾದ ಕಡತಗಳ ಪ್ರತಿಯನ್ನು ಯಂತ್ರದ ಹೊರಗೆ ಇಡಬೇಕು. ಬೋರ್ಡು, ಪ್ರೊಸೆಸರು ಇದಕ್ಕೆ ಅವಕಾಶ ಕೊಡುತ್ತವೆಯೇ ನೋಡಬೇಕು. ಇಂಟೆಲಿನ ಅಗ್ಗದ ಹಳೆಯ ಬೋರ್ಡುಗಳಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ, 2021ರ ಬಿ560 ಬೋರ್ಡುಗಳಿಂದ ಈಚೆಗೆ ಅದು ತೆರೆಯಿತು. ರ‍್ಯಾಮಿನಲ್ಲಿ ಕಂಪನಿಯೇ ಬರೆದಿಟ್ಟ ಎಕ್ಸ್‌ಎಂಪಿ ವೇಗವಿದ್ದರೆ ಅದನ್ನೇ ಆರಿಸಿ ಅಲ್ಲಿಗೆ ನಿಲ್ಲಬೇಕು. ಇಲ್ಲದಿದ್ದರೆ ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಲ್ಲೂ ಪರೀಕ್ಷಿಸಬೇಕು. ಲೋಹದ ಹೊದಿಕೆಯಿಲ್ಲದ ಅಗ್ಗದ ರ‍್ಯಾಮಿಗೆ 1.35 ವೋಲ್ಟು ದಾಟಿಸಬಾರದು. ಪರೀಕ್ಷೆ ಒಂದು ಗಂಟೆಯದಲ್ಲ, ಒಂದು ರಾತ್ರಿಯದು. ರಾತ್ರಿಯದೂ ಸಾಲದು, ವರ್ಷದ ಕಡುಬಿಸಿಲಿನ ಮಧ್ಯಾಹ್ನದ್ದು. ಒಂದೇ ಒಂದು ತಪ್ಪು ಬಂದರೂ ಮೆಟ್ಟಿಲು ಇಳಿಯಬೇಕು.

"ಒಂದು ತಪ್ಪಿಗೆ ವಿನಾಯಿತಿ ಇಲ್ಲವೋ?"

"ಇಲ್ಲ ತಾತ. ನೂರಕ್ಕೆ ನೂರು ಬಂದರಷ್ಟೇ ಪಾಸು."

"ನಾನು ಮೂವತ್ತೈದಕ್ಕೇ ಪಾಸು ಮಾಡ್ತಿದ್ದೆ," ಎಂದು ಮೇಷ್ಟ್ರು ನಕ್ಕರು. ತಿಂಗಳ ನಂತರದ ಮೊದಲ ನಗು ಅದು.

ಅಕ್ಕ ಪಡಸಾಲೆಯಲ್ಲಿ ಕಾಲು ನೀಡಿ ಕುಳಿತು, ತಮ್ಮ ಓದಿದ್ದನ್ನು ಕಣ್ಣು ಮುಚ್ಚಿ ಕೇಳಿದಳು. ತಪ್ಪಿದ ಕಡೆ ನಕ್ಕಳು, ಬೈದಳು. "ಮೇಷ್ಟ್ರಾಗಿ ಏನು ಕಲಿಸಿದ್ಯೋ?" ಎಂದಳು. ಎರಡು ತಾಸಿನಲ್ಲಿ ಮೂರು ತಪ್ಪುಗಳು ಸಿಕ್ಕವು. ಕೊನೆಯ ಹಾಳೆಯಲ್ಲಿ ಮೇಷ್ಟ್ರು ತಾವೇ ಅನುಮಾನಪಟ್ಟು ಕೆಂಪು ಗೆರೆ ಎಳೆದಿದ್ದ ಒಂದು ಸಾಲಿತ್ತು. "ಗಳೆ ಬಿಡುವ ಹೊತ್ತು." ಕ ಕಾರಕ್ಕೆ ಗ ಕಾರ ಬಂದಿದೆ, ಇದು "ಕಳೆ ಬಿಡುವ ಹೊತ್ತು", ಕಳೆ ಕೀಳುವ ಹೆಂಗಸರು ಕೆಲಸ ಬಿಡುವ ಸಮಯ ಇರಬೇಕೆಂದು ಅವರು ತಿದ್ದಿದ್ದರು. ತಿದ್ದಿದ್ದನ್ನೇ ಓದಿದರು.

ಮುದುಕಿ ಕಣ್ಣು ತೆರೆದಳು. "ಕಳೆ ಅಲ್ಲೋ ತಮ್ಮಾ, ಗಳೆ. ನಾನು ಹೇಳಿದ್ದು ಗಳೆ ಬಿಡೋ ಹೊತ್ತು. ಬಿಸಿಲು ನೆತ್ತಿಗೆ ಬರೋದ್ರೊಳಗ ನೇಗಿಲದಿಂದ ಎತ್ತು ಬಿಚ್ಚೋ ಹೊತ್ತು. ನಮ್ಮಪ್ಪ ದಿನಾ ಬಿಚ್ಚುತಿದ್ದಿಲ್ಲೇನು, ಮರ್ತೆಯಾ? ಬಿಸಿಲೇರಿದ ಮ್ಯಾಲೂ ಹೊಡದ್ರ ಎತ್ತು ಸಾಲು ತಪ್ಪತಾವ. ಎತ್ತಿನ ತಪ್ಪಲ್ಲ ಅದು, ಹೊಡೆಯೋನ ತಪ್ಪು."

ಮೊಮ್ಮಗ ತಲೆ ತಗ್ಗಿಸಿದ. ಮುದುಕಿಗೆ ಯಾವ ಕತೆಯನ್ನೂ ಯಾರೂ ಹೇಳಿರಲಿಲ್ಲ.

ಮೇಷ್ಟ್ರು ಕೆಂಪು ಗೆರೆಯನ್ನು ಅಳಿಸಿ, ಗ ಕಾರವನ್ನು ಮತ್ತೆ ಬರೆದು, ಪಕ್ಕದಲ್ಲಿ ಆಕೆಯ ಅರ್ಥವನ್ನೂ ಸೇರಿಸಿದರು. ಈ ಸಲ ನೋಟುಬುಕ್ಕಿನಲ್ಲಿ, ಮಸಿಯ ಪೆನ್ನಿನಿಂದ. ಸಂಜೆ ಬಸ್ಸು ಹತ್ತುವ ಮುಂಚೆ ಅಕ್ಕ ಇನ್ನೂ ಐದಾರು ಹೊಸ ಮಾತು ಹೇಳಿದಳು. ಒಂದೊಂದನ್ನೂ ತಮ್ಮನಿಂದ ತಿರುಗಿ ಹೇಳಿಸಿಕೊಂಡಳು. ಎರಡನೆಯ ಸಲ ಹುಡುಗನಿಂದಲೂ ಹೇಳಿಸಿದಳು.

ಆ ಯಂತ್ರ ಈಗಲೂ 2666ರಲ್ಲೇ ಓಡುತ್ತಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಅದು ಆ ಮನೆಯಲ್ಲಿ ಗಳೆ ಬಿಡುವ ಹೊತ್ತು.